ಕೇಳದೆ ತೋಡಿದ ಗಿಟಾರು

ಹಲಸೂರಿನ ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಯಲ್ಲಿದ್ದ ರಾಮಾಂಜಿನಪ್ಪನವರ ಅಂಗಡಿಗೆ ಹೆಸರಿನ ಬೋರ್ಡು ಇರಲಿಲ್ಲ. ಬಾಗಿಲ ಮೇಲೆ ತಂತಿಯಿಲ್ಲದ ಒಂದು ಹಳೆಯ ಮ್ಯಾಂಡೊಲಿನ್ ನೇತಾಡುತ್ತಿತ್ತು, ಅದೇ ಗುರುತು. ವೀಣೆಯ ಮೆಟ್ಟಿಲು ಸಡಿಲವಾದವರು, ತಂಬೂರಿಯ ಬುರುಡೆ ಸೀಳಿದವರು, ಗಿಟಾರಿನ ಕತ್ತು ಮುರಿದುಕೊಂಡ ಫ್ರೇಜರ್ ಟೌನಿನ ಹುಡುಗರು, ಎಲ್ಲರೂ ಅದನ್ನು ನೋಡಿಕೊಂಡೇ ಒಳಗೆ ಬರುತ್ತಿದ್ದರು.

ರಾಮಾಂಜಿನಪ್ಪನವರ ಹಿರಿಯರು ಬಿನ್ನಮಂಗಲದಲ್ಲಿ ಬೇಸಾಯ ಮಾಡಿಕೊಂಡಿದ್ದವರು. ಹೊಲವೆಲ್ಲ ಇಂದಿರಾನಗರದ ಸೈಟುಗಳಾದಾಗ ಬಂದ ಪರಿಹಾರದಲ್ಲಿ ಅವರ ತಂದೆ ಹಲಸೂರಿನಲ್ಲಿ ಮನೆಯನ್ನೂ ಅದಕ್ಕೆ ಹೊಂದಿಕೊಂಡ ಅಂಗಡಿಯನ್ನೂ ಕೊಂಡರು. ನೇಗಿಲು ಹಿಡಿಯಬೇಕಾಗಿದ್ದ ಮಗನ ಕೈ ಉಳಿ ಹಿಡಿಯಿತು. ಮೇಜು ಕುರ್ಚಿಗಳಿಂದ ಆರಂಭವಾದ ಕೆಲಸ ವೀಣೆಗೆ ಬಂದು, ವೀಣೆಯಿಂದ ಗಿಟಾರಿಗೆ ಹೊರಳಿತು.

ಸೋಜಿಗವೆಂದರೆ ರಾಮಾಂಜಿನಪ್ಪನವರಿಗೆ ಒಂದು ವಾದ್ಯವನ್ನೂ ನುಡಿಸಲು ಬರುತ್ತಿರಲಿಲ್ಲ. ಆದರೆ ಸ್ವರ ಗೊತ್ತಿತ್ತು. ರಿಪೇರಿಯಾದ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಶ್ರುತಿಪೆಟ್ಟಿಗೆಯನ್ನು ಪಕ್ಕದಲ್ಲಿ ಹಚ್ಚಿ, ಒಂದೊಂದೇ ತಂತಿಯನ್ನು ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಒಂದೊಂದೇ ಮೆಟ್ಟಿಲ ಮೇಲೆ ತೋರುಬೆರಳಿನಿಂದ ಹಗುರವಾಗಿ ಒತ್ತಿ ಮೀಟುತ್ತಿದ್ದರು. ಎಲ್ಲ ಸರಿಯೆನಿಸಿದ ಮೇಲೆ, "ತಗೊಂಡ್ ಹೋಗಪ್ಪ, ಮಾತಾಡ್ತಾಳೆ" ಎನ್ನುತ್ತಿದ್ದರು. ಇಪ್ಪತ್ತು ವರ್ಷ ಆ ಪರೀಕ್ಷೆ ಒಮ್ಮೆಯೂ ಕೈಕೊಟ್ಟಿರಲಿಲ್ಲ.

1996ರಲ್ಲಿ ಇಂದಿರಾನಗರದ ನಿತೀಶ್ ಎಂಬ ಕಾಲೇಜು ಹುಡುಗ ಗಿಟಾರು ಹಿಡಿದು ಬಂದ. ಅವನಿಗೆ ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುವ ಹುಚ್ಚು.

"ಅಂಕಲ್, ವೀಣೆಲಿ ತಂತಿ ಎಳೆದ್ರೆ ಗಮಕ ಹೆಂಗ್ ಬರುತ್ತೆ ನೋಡಿ. ಇದ್ರಲ್ಲಿ ಎಳೆದ್ರೆ ಬೆರಳು ಮರಕ್ಕೆ ಉಜ್ಜಿ ನಿಂತೇ ಹೋಗುತ್ತೆ."

"ವೀಣೆಲಿ ಮೆಟ್ಟಿಲ ನಡುವೆ ಗಾಳಿ ಇದೆ ಕಣಪ್ಪ. ನಿನ್ನ ಗಿಟಾರಲ್ಲಿ ಮರ ಇದೆ."

"ಹಂಗಾದ್ರೆ ಮರ ತೆಗೆದ್ಬಿಡಿ!"

ಹುಡುಗ ಒಂದು ಇಂಗ್ಲಿಷ್ ಪತ್ರಿಕೆಯ ಹಾಳೆಯನ್ನೂ ತಂದಿದ್ದ. ಅದರ ಚಿತ್ರದಲ್ಲಿದ್ದ ಗಿಟಾರಿನ ಕತ್ತಿನ ಮೇಲೆ, ಬೆರಳು ಓಡಾಡುವ ಹಲಗೆಯಲ್ಲಿ, ಪ್ರತಿ ಎರಡು ಮೆಟ್ಟಿಲುಗಳ ನಡುವಿನ ಮರವನ್ನು ದೋಣಿಯ ಒಳಮೈಯಂತೆ ತೋಡಿದ್ದರು. ಇದಕ್ಕೆ ಸ್ಕ್ಯಾಲಪ್ ಎನ್ನುತ್ತಾರೆಂದು ಅವನೇ ಹೇಳಿಕೊಟ್ಟ. ರಾಮಾಂಜಿನಪ್ಪ ಒಂದು ವಾರ ಬೇರೆ ಕೆಲಸ ಮುಟ್ಟಲಿಲ್ಲ. ಮೆಟ್ಟಿಲುಗಳಿಗೆ ಪೆಟ್ಟು ಬೀಳದಂತೆ ಟೇಪು ಸುತ್ತಿ, ದುಂಡು ಅರದಿಂದ ಉಜ್ಜಿ, ಸ್ಯಾಂಡ್‌ಪೇಪರಿನಿಂದ ನಯಗೊಳಿಸಿ, ನಡುವೆ ಒಂದು ರೂಪಾಯಿ ನಾಣ್ಯದ ದಪ್ಪಕ್ಕಿಂತ ಹೆಚ್ಚು ಆಳ ಹೋಗದಂತೆ ಇಪ್ಪತ್ತು ತೋಡುಗಳನ್ನು ಮಾಡಿದರು. ನಿತೀಶ್ ಅಲ್ಲೇ ಕುಳಿತು ತೋಡಿ ರಾಗದ ಒಂದು ಎಳೆ ನುಡಿಸಿದ. ಬೆರಳು ಮರಕ್ಕೆ ತಾಗಲೇ ಇಲ್ಲ. ತಂತಿ ಎಳೆದಲ್ಲಿಗೆ ಬಂತು, ಸ್ವರ ತೂಗಿತು. ಹೂವು ತೆಗೆದುಕೊಂಡು ದೇವಸ್ಥಾನಕ್ಕೆ ಹೊರಟಿದ್ದವರಿಬ್ಬರು ಬಾಗಿಲಲ್ಲೇ ನಿಂತು ಕೇಳಿದರು.

ಆ ದಿನದಿಂದ ರಾಮಾಂಜಿನಪ್ಪನವರ ನಡಿಗೆಯಲ್ಲೇ ಒಂದು ಬಿಗುವು ಬಂತೆಂದು ಅವರ ಹೆಂಡತಿ ಪಟಾಲಮ್ಮ ನಗುತ್ತಿದ್ದರು.

ಪಕ್ಕದ ಮನೆಯಲ್ಲಿ ಯಶೋದಮ್ಮನೆಂಬ ವಿಧವೆ ಇದ್ದರು. ದೇವಸ್ಥಾನದ ಮುಂದೆ ಹೂವು ಕಟ್ಟಿ ಮಾರುತ್ತಿದ್ದರು. ಅವರ ಒಬ್ಬಳೇ ಮಗಳು ಹಂಸ. ಶಾಲೆಯ ದಿನಗಳಲ್ಲಿ ಹಂಸ ಪಾಠ ಓದಿಕೊಂಡಿದ್ದು, ಹಾಡು ಗುನುಗಿಕೊಂಡಿದ್ದು ಎಲ್ಲ ರಾಮಾಂಜಿನಪ್ಪನವರ ಅಂಗಡಿಯ ಮರದ ಹೊಟ್ಟಿನ ನಡುವೆ. ಅವರನ್ನು 'ಮಾಮ' ಎಂದೇ ಕರೆದು ಬೆಳೆದಳು. ಅವಳಿಗೆ ಗಿಟಾರು ಕಲಿಸಿದ ಫ್ರೇಜರ್ ಟೌನಿನ ಡಾಫ್ನಿ ಮಿಸ್ ಎಂಬ ಟೀಚರು ಆಸ್ಟ್ರೇಲಿಯಾಕ್ಕೆ ಹೊರಡುವಾಗ ತಮ್ಮ ಹಳೆಯ ಗಿಟಾರನ್ನು ಇವಳ ಕೈಗಿತ್ತು ಹೋಗಿದ್ದರು. ಅದರ ತಂತಿಗಳು ಹಲಗೆಯಿಂದ ಬಹಳ ಮೇಲಿದ್ದವು. ಬಲವಾಗಿ ಒತ್ತಿದರಷ್ಟೇ ಸ್ವರ. ಒತ್ತಿ ಒತ್ತಿ ಹಂಸನ ಎಡಗೈ ಬೆರಳ ತುದಿಗಳು ಗಟ್ಟಿಯಾಗಿದ್ದವು. ಅವಳು ನುಡಿಸುತ್ತಿದ್ದದ್ದು ಹಾಡಿಗೆ ಜೊತೆಯಾಗುವ ಕಾರ್ಡು. ಮೂರು ನಾಲ್ಕು ತಂತಿಗಳನ್ನು ಒಟ್ಟಿಗೆ ಒತ್ತಿ ಹೊಡೆಯುವ ಕೆಲಸ.

1997ರಲ್ಲಿ ಅವಳಿಗೆ ಇಪ್ಪತ್ತೊಂದು. ಶಿವಾಜಿನಗರದ ಇನಾಯತ್ ಉಲ್ಲಾ ಅವರ ವಾದ್ಯಗೋಷ್ಠಿಗೆ ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಒಂದು ದಿನವೂ ಬಿಡುವಿರುತ್ತಿರಲಿಲ್ಲ. ಅವರ ಗಿಟಾರಿನವನು ದುಬೈಗೆ ಹೋಗಿದ್ದ. ಕೆ.ಆರ್. ಪುರದ ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಒಮ್ಮೆ ನುಡಿಸಿ ತೋರಿಸಿದರೆ ಆ ಜಾಗ ಹಂಸನಿಗೆ ಎಂದು ಇನಾಯತ್ ಉಲ್ಲಾ ಮಾತು ಕೊಟ್ಟಿದ್ದರು. ಮೆಟ್ಟಿಲುಗಳು ಸವೆದು ತಂತಿ ಗುಯ್‌ಗುಡುತ್ತಿದೆಯೆಂದು ಹಂಸ ಗಿಟಾರನ್ನು ಮಾಮನ ಬಳಿ ಬಿಟ್ಟು, ತಾಯಿಯೊಂದಿಗೆ ನಾಲ್ಕು ದಿನ ನೆಂಟರ ಮದುವೆಗೆ ಹೋದಳು. ಹೊಸ ಮೆಟ್ಟಿಲು ಹಾಕಬೇಕು, ತಂತಿ ಸ್ವಲ್ಪ ಇಳಿಸಬೇಕು. ಅವಳು ಹೇಳಿದ್ದು ಅಷ್ಟೇ.

ಹಳೆಯ ಮೆಟ್ಟಿಲುಗಳನ್ನು ಕಿತ್ತಾಗ ಬರಿದಾದ ಬೀಟೆ ಮರದ ಹಲಗೆ ರಾಮಾಂಜಿನಪ್ಪನವರ ಮುಂದೆ ಮಲಗಿತ್ತು. ಅವರ ಕೈ ದುಂಡು ಅರದ ಕಡೆಗೆ ಹೋಯಿತು.

"ಅವಳು ಕೇಳಿದ್ಲಾ?" ಕಾಫಿ ತಂದ ಪಟಾಲಮ್ಮ ಹಲಗೆಯ ಮೇಲಿನ ಪುಡಿ ನೋಡಿ ಕೇಳಿದರು.

"ಕೇಳ್ಬೇಕಾ? ಇಂದಿರಾನಗರದ ಹುಡುಗ ಇದಕ್ಕೆ ವಾರ ಕಾದಿದ್ದ. ನಮ್ಮುಡುಗಿಗೆ ನಾನಾಗೇ ಮಾಡಿಕೊಡ್ತೀನಿ. ನೋಡಿದ್ರೆ ಕುಣಿದಾಡ್ತಾಳೆ."

"ಏನೋಪ್ಪ. ನನ್ನ ರವಿಕೆ ಯಾರಾದ್ರೂ ಕೇಳ್ದೆ ಹಿಡಿದು ಹೊಲೆದ್ರೆ ನಾನಂತೂ ಕುಣಿಯಲ್ಲ."

ಅವರು ನಕ್ಕುಬಿಟ್ಟರು. ನಾಲ್ಕು ದಿನಗಳ ಕೆಲಸ ಅಷ್ಟು ಚೆನ್ನಾಗಿ ಅವರ ಕೈಯಿಂದ ಹಿಂದೆಂದೂ ಬಂದಿರಲಿಲ್ಲ. ಎಂದಿನಂತೆ ಒಂದೊಂದೇ ತಂತಿಯನ್ನು ಹಗುರವಾಗಿ ಮೀಟಿ ನೋಡಿದರು. ಎಲ್ಲವೂ ಶ್ರುತಿಗೆ ಸರಿಯಾಗಿ ಕೂತಿತ್ತು.

ಹಂಸ ಕುಣಿದಾಡಿದ್ದೂ ನಿಜ. "ಇದೇನು ಮಾಮ, ಅಲೆ ಅಲೆ ಇದ್ದಂಗಿದೆ!" ಎಂದು ಬೆರಳಾಡಿಸಿದಳು. ಕಾರ್ಯಕ್ರಮಕ್ಕೆ ಒಂಬತ್ತು ದಿನಗಳಿದ್ದವು. ಆ ಒಂಬತ್ತು ದಿನವೂ ಪಕ್ಕದ ಮನೆಯಿಂದ ಅವಳು ತಂತಿ ಬಿಗಿಯುವ, ಸಡಿಲಿಸುವ, ಮತ್ತೆ ಬಿಗಿಯುವ ಸದ್ದು ಬರುತ್ತಿತ್ತು. ಹೊಸ ತಂತಿ ಪಳಗುತ್ತಿದೆ ಎಂದುಕೊಂಡರು ರಾಮಾಂಜಿನಪ್ಪ.

ಕೆ.ಆರ್. ಪುರದ ಮೈದಾನದಲ್ಲಿ ಅವರೂ ಪಟಾಲಮ್ಮನೂ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಮೊದಲ ಹಾಡಿಗೆ ಕೀಬೋರ್ಡಿನ ಮುಂದಿದ್ದ ಇನಾಯತ್ ಉಲ್ಲಾ ಒಮ್ಮೆ ಹಿಂದಿರುಗಿ ನೋಡಿದರು. ಎರಡನೆಯ ಹಾಡಿಗೆ ಎರಡು ಸಲ ನೋಡಿದರು. ಅವರು ನೋಡಿದಷ್ಟೂ ಹಂಸ ಹೆದರಿದಳು. ಹೆದರಿದಷ್ಟೂ ಬಲವಾಗಿ ಒತ್ತಿದಳು. ಮೂರನೆಯ ಹಾಡಿನ ನಡುವೆ ಇನಾಯತ್ ಉಲ್ಲಾ ಮೈಕಿನವನಿಗೆ ಕಣ್ಣಿನಲ್ಲೇ ಏನೋ ಸೂಚಿಸಿದರು. ಆಮೇಲೆ ಕಾರ್ಯಕ್ರಮ ಮುಗಿಯುವವರೆಗೆ ವೇದಿಕೆಯ ಮೇಲೆ ಹಂಸನ ಕೈ ಆಡುತ್ತಲೇ ಇತ್ತು. ಗಿಟಾರಿನ ದನಿ ಮಾತ್ರ ಎಲ್ಲೂ ಇರಲಿಲ್ಲ.

"ಬೇಟಿ, ಮೆಹನತ್ ಇದೆ ನಿಂದು, ಕಷ್ಟ ಪಡ್ತೀಯ," ವೇದಿಕೆಯ ಹಿಂದೆ ಇನಾಯತ್ ಉಲ್ಲಾ ಮೆತ್ತಗೇ ಹೇಳಿದರು. "ಲೇಕಿನ್ ಕಿವಿ ಕಚ್ಚಾ ಇದೆ. ಸುರ್ ಮೇಲಕ್ಕೆ ಹೋಗ್ತಾ ಇದೆ, ನಿಂಗೆ ಗೊತ್ತೇ ಆಗ್ತಾ ಇಲ್ಲ. ಇನ್ನೂ ಕಲಿ, ನೋಡೋಣ."

ಮಾರನೆಯ ಬೆಳಿಗ್ಗೆ ಹಂಸ ಗಿಟಾರು ತಂದು ಮಾಮನ ಮುಂದಿಟ್ಟಳು. ಕಣ್ಣುಗಳು ಊದಿಕೊಂಡಿದ್ದವು.

"ಮಾಮ, ಒಂದ್ಸಲ ನೋಡಿ. ಇದ್ರಲ್ಲೇನಾದ್ರೂ ಐಬು ಇದೆಯಾ?"

ಅವರು ಶ್ರುತಿಪೆಟ್ಟಿಗೆ ಹಚ್ಚಿ, ಆರು ತಂತಿಗಳನ್ನೂ ಎಲ್ಲ ಮೆಟ್ಟಿಲುಗಳ ಮೇಲೂ ಮುಟ್ಟಿ ಮುಟ್ಟಿ ಕೇಳಿದರು. ಒಂದು ಎಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ಗಿಟಾರು ಸರಿಯಾಗಿದೆಯಮ್ಮ," ಎಂದರು.

"ಹಂಗಾದ್ರೆ ನನ್ನ ಕಿವೀನೇ ಸರಿ ಇಲ್ಲ ಬಿಡಿ."

ಆ ಹೊತ್ತಿಗೆ ಅವರು ಹೇಳಿದ್ದು ತಿಳಿದು ಹೇಳಿದ ಸುಳ್ಳಲ್ಲ. ಹದಿನೈದು ದಿನ ಕಳೆದ ಮೇಲೆ ಅದು ಸುಳ್ಳೆಂದು ಗೊತ್ತಾಯಿತು.

ತಂತಿ ಬದಲಿಸಲು ಬಂದ ನಿತೀಶ್ ಮಾತಿಗೆ ಮಾತು ಬಂದು ನಗುತ್ತ ಹೇಳಿದ: "ನನ್ನ ಗಿಟಾರ್ ನನ್ನ ಫ್ರೆಂಡ್ ಕೈಗೆ ಕೊಟ್ರೆ ಕಿರುಚುತ್ತೆ ಅಂಕಲ್. ಅವನದು ಕಬ್ಬಿಣದ ಕೈ. ಇಲ್ಲಿ ನೋಡಿ."

ಒಂದು ಕಾರ್ಡನ್ನು ಹಗುರವಾಗಿ ಹಿಡಿದು ಮೀಟಿದ, ಇಂಪಾಗಿತ್ತು. ಅದನ್ನೇ ಬಲವಾಗಿ ಒತ್ತಿ ಮೀಟಿದ. ಕೆಳಗೆ ತಡೆಯುವ ಮರವಿಲ್ಲದೆ ತಂತಿಗಳು ತೋಡಿನೊಳಕ್ಕೆ ಬಾಗಿ, ಒಂದೊಂದು ಒಂದೊಂದು ಅಳತೆಗೆ ಏರಿ, ಸ್ವರಗಳು ಒಂದರೊಡನೊಂದು ಜಗಳಕ್ಕೆ ನಿಂತವು.

"ಎಳೆಯೋರಿಗೆ ಇದು ಸ್ವರ್ಗ. ಗಮಕ, ಕಂಪನ, ಎಲ್ಲಾ ಬೆಣ್ಣೆ ಥರ ಬರುತ್ತೆ, ಕೈ ನೋಯಲ್ಲ. ಆದ್ರೆ ಒತ್ತೋರಿಗೆ ದಂಡ ಅಂಕಲ್. ಕಾರ್ಡ್ ಹೊಡೆಯೋರಂತೂ ಹತ್ರ ಬರ್ಬಾರ್ದು. ನಾನೇ ಕೈ ಹಗುರ ಮಾಡ್ಕೊಳ್ಳೋಕೆ ಆರು ತಿಂಗಳು ತಗೊಂಡೆ."

ರಾಮಾಂಜಿನಪ್ಪ ಕೈಯಲ್ಲಿದ್ದ ಅರವನ್ನು ಮೇಜಿನ ಮೇಲಿಟ್ಟು, ಮತ್ತೆ ಎತ್ತಿಕೊಂಡು, ಮತ್ತೆ ಇಟ್ಟರು. ಇಪ್ಪತ್ತು ವರ್ಷದ ಅವರ ಪರೀಕ್ಷೆಯಲ್ಲಿ ನುಡಿಸುವವರ ಕೈಗೆ ಜಾಗವೇ ಇರಲಿಲ್ಲ.

ಅಂದೇ ಸಂಜೆ ಹೇಳಿಬಿಡಬೇಕೆಂದು ಪಕ್ಕದ ಮನೆಗೆ ಹೋದರು. ಹಂಸ ಇರಲಿಲ್ಲ. ಯಶೋದಮ್ಮ ಮಣೆ ಹಾಕಿ, ಬೇಡವೆಂದರೂ ಕೇಳದೆ ಹೋಳಿಗೆ ಬಡಿಸಿದರು. "ಅವರಪ್ಪ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ ಅಣ್ಣ. ಕಾಸು ಮುಟ್ಟದೆ ನಾಲ್ಕು ದಿನ ಕೂತು ಮಾಡಿಕೊಟ್ರಿ. ಏನ್ಮಾಡೋದು, ಅವಳಿಗೆ ದೇವರು ಕಿವಿ ಕೊಡ್ಲಿಲ್ಲ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬಾಯಲ್ಲಿದ್ದ ಹೋಳಿಗೆಯ ಜೊತೆಗೆ ರಾಮಾಂಜಿನಪ್ಪ ಆ ಮಾತನ್ನೂ ನುಂಗಿಕೊಂಡು ಬಂದರು. ನಾಳೆ ಹೇಳೋಣ ಎಂದುಕೊಂಡರು.

ನಾಳೆ ಎಂಬುದು ಎಷ್ಟು ಸುಲಭವಾಗಿ ಮುಂದಕ್ಕೆ ಹೋಗುತ್ತದೆ ಎಂಬುದನ್ನು ಅವರು ಆ ವರ್ಷಗಳಲ್ಲಿ ಚೆನ್ನಾಗಿ ಕಂಡರು. ಇನಾಯತ್ ಉಲ್ಲಾ ಬೇರೊಬ್ಬ ಗಿಟಾರಿನವನನ್ನು ಹುಡುಕಿಕೊಂಡರು. ಇನ್ನು ಹೇಳಿ ಏನು ಪ್ರಯೋಜನ ಎನಿಸಿತು. ಹಂಸ ಹಳೆ ಮದ್ರಾಸು ರಸ್ತೆಯ ಒಂದು ಗಾರ್ಮೆಂಟ್ಸಿಗೆ ಸೇರಿದಳು. ಮರೆತಿರುವವಳಿಗೆ ನೆನಪಿಸುವುದೇಕೆ ಎನಿಸಿತು. ಕೆಂಪರಾಜ್ ಎಂಬ ಒಳ್ಳೆಯ ಹುಡುಗನೊಡನೆ ಮದುವೆಯಾಗಿ ಕೆ.ಆರ್. ಪುರಕ್ಕೆ ಹೋದಳು, ಸುಖವಾಗಿದ್ದಾಳಲ್ಲ ಎನಿಸಿತು. ಪ್ರತಿ ಯುಗಾದಿಗೂ ಯಶೋದಮ್ಮನ ಹೋಳಿಗೆ ಬರುತ್ತಿತ್ತು. ಅವರು ಅದನ್ನು ಮುಟ್ಟುತ್ತಿರಲಿಲ್ಲ. ಸಕ್ಕರೆ ಕಾಯಿಲೆಯೆಂದು ನೆಪ ಹೇಳುತ್ತಿದ್ದರು. ಇಲ್ಲದ ಕಾಯಿಲೆಗೆ ಪಟಾಲಮ್ಮ ಬೈಯುತ್ತಿದ್ದರು:

"ಮರದ ಜೊತೆ ದಿನವೆಲ್ಲಾ ಮಾತಾಡ್ತೀರ, ಮನುಷ್ಯರ ಮುಂದೆ ಮಾತ್ರ ಬಾಯಿ ಬರಲ್ಲ. ಏನಿದೆ ಹೇಳಿ ಅಂದ್ರೆ ಸಕ್ಕರೆಯಂತೆ ಸಕ್ಕರೆ."

ಸ್ಕ್ಯಾಲಪ್ ಮಾಡಿಕೊಡಿ ಎಂದು ಬಂದವರನ್ನು ಅವರು ಗದರಿಸಿ ಕಳುಹಿಸುತ್ತಿದ್ದರು. ಆ ದುಂಡು ಅರವನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು.

2004ರ ಒಂದು ಬೆಳಿಗ್ಗೆ ಯಶೋದಮ್ಮ ಹಳೆಯ ಸೀರೆಯಲ್ಲಿ ಸುತ್ತಿದ ಗಿಟಾರನ್ನು ಎತ್ತಿಕೊಂಡು ಅಂಗಡಿಗೆ ಬಂದರು. "ಅಟ್ಟದ ಮೇಲೆ ಧೂಳು ತಿಂತಿದೆ. ಮಾರ್ಬಿಡಿ ಅಂದ್ಲು ಹಂಸ. ನೀವೇ ಯಾರಿಗಾದ್ರೂ ನೋಡಿ ಕೊಟ್ಬಿಡಿ ಅಣ್ಣ."

ಕೊಳ್ಳುವವರಿಗೆ ಬರವಿರಲಿಲ್ಲ. ಈಗ ಗಿಟಾರು ಪಾಠ ಹೇಳುತ್ತಿದ್ದ ನಿತೀಶನಿಗೆ ಫೋನು ಮಾಡಿದರೆ, ಅಂಥ ಹಲಗೆಯ ಗಿಟಾರಿಗಾಗಿ ಹುಡುಕುತ್ತಿದ್ದ ಅವನ ಶಿಷ್ಯರಲ್ಲಿ ಒಬ್ಬ ಸಂಜೆಯೊಳಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಹಗುರ ಕೈಯವನಿಗೆ ಒಳ್ಳೆಯ ವಾದ್ಯ ಸಿಗುತ್ತಿತ್ತು. ತಪ್ಪಿನ ಗುರುತು ಬೀದಿ ದಾಟಿ ಹೋಗುತ್ತಿತ್ತು. ಇನ್ನು ಯಾರೂ ಯಾವತ್ತೂ ಕೇಳುತ್ತಿರಲಿಲ್ಲ. ರಾಮಾಂಜಿನಪ್ಪ ಫೋನಿನ ಕಡೆಗೆ ಹೋಗುವ ಮುನ್ನ, ಒರೆಸಿಡೋಣವೆಂದು ಸೀರೆ ಬಿಚ್ಚಿದರು.

ಮೊದಲ ಮೂರು ಮೆಟ್ಟಿಲುಗಳ ಮೇಲೆ, ತಂತಿ ಕೂರುವ ಕಡೆಯಲ್ಲೆಲ್ಲ, ಲೋಹ ಸವೆದು ಕಚ್ಚುಗಳಾಗಿದ್ದವು. ಕನ್ನಡಕ ಹಾಕಿಕೊಂಡು ನೋಡಿದರು. ಆ ಮೆಟ್ಟಿಲುಗಳನ್ನು ಹೊಸದಾಗಿ ಹಾಕಿದವರು ಅವರೇ. ಕಾರ್ಯಕ್ರಮಕ್ಕೆ ಒಂಬತ್ತು ದಿನಗಳ ಮುಂಚೆ. ಒಂಬತ್ತು ದಿನಗಳಲ್ಲಿ ಲೋಹ ಹಾಗೆ ಸವೆಯುವುದಿಲ್ಲ. ಅದಕ್ಕೆ ಒಂದೆರಡು ವರ್ಷವಾದರೂ ಬೇಕು. ಹಾಗಾದರೆ ಆ ರಾತ್ರಿಯ ನಂತರವೂ, ಗಾರ್ಮೆಂಟ್ಸಿನಿಂದ ಬಂದು, ಯಾರಿಗೂ ಕೇಳದ ಹಾಗೆ ಕುಳಿತು, ಅವಳು ತನ್ನ ಕಿವಿಯನ್ನು ಸರಿಮಾಡಿಕೊಳ್ಳಲು ಒತ್ತಿದ್ದಳು, ಒತ್ತಿದ್ದಳು. ಸರಿಯಾಗದ ಗಿಟಾರಿನ ಮೇಲೆ, ಇಲ್ಲದ ದೋಷಕ್ಕೆ.

ಅವರು ಫೋನು ಮುಟ್ಟಲಿಲ್ಲ. ತಂತಿಗಳನ್ನು ಶ್ರುತಿಗೆ ಬಿಗಿದು, ಗಿಟಾರನ್ನು ಸೀರೆಯಲ್ಲಿ ಮತ್ತೆ ಸುತ್ತಿಕೊಂಡು ಕೆ.ಆರ್. ಪುರದ ಬಸ್ಸು ಹತ್ತಿದರು.

ಭಾನುವಾರವಾದ್ದರಿಂದ ಹಂಸ ಮನೆಯಲ್ಲೇ ಇದ್ದಳು. ಕೆಂಪರಾಜ್ ಸಂತೆಗೆ ಹೋಗಿದ್ದ. "ಏನ್ ಮಾಮ, ಯಾರೂ ತಗೊಳ್ಳಲಿಲ್ವಾ? ಅಷ್ಟು ಕೆಟ್ಟು ಹೋಗಿದೆಯಾ?" ಎಂದು ನಗುತ್ತಲೇ ಕೇಳಿದಳು.

"ಒಂದ್ಸಲ ಒತ್ತಿ ನುಡಿಸಮ್ಮ. ನೀನು ಹೆಂಗೆ ಒತ್ತುತ್ತಿದ್ಯೋ ಹಂಗೆ."

ಅವಳು ಒತ್ತಿದಳು. ಸ್ವರ ಹುಳಿಯಾಗಿತ್ತು. ಮುಖ ಸಣ್ಣದಾಯಿತು. "ನೋಡಿದ್ರಾ, ಅದಕ್ಕೇ..."

"ಈಗ ಹಗುರವಾಗಿ. ತಂತಿ ಮೆಟ್ಟಿಲಿಗೆ ತಾಗಿದ್ರೆ ಸಾಕು, ಕೆಳಕ್ಕೆ ಅದುಮಬೇಡ."

ಎರಡು ಮೂರು ಸಲ ತಪ್ಪಿ, ಆಮೇಲೆ ಆ ಕಾರ್ಡು ಅಷ್ಟು ಚೊಕ್ಕವಾಗಿ ಬಂದಿತೆಂದರೆ, ಹಂಸ ತನ್ನ ಕೈಯನ್ನೇ ನೋಡಿಕೊಂಡಳು. ರಾಮಾಂಜಿನಪ್ಪ ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ಕೇಳದೆ ತೋಡಿದ್ದು, ನಿತೀಶ್ ತೋರಿಸಿದ್ದು, ಹೋಳಿಗೆ ತಿಂದು ಸುಮ್ಮನೆ ಬಂದಿದ್ದು. ಒಳಗೆ ಕುಕ್ಕರು ಕೂಗಿತು. ಅವಳು ಏಳಲಿಲ್ಲ.

"ಯಾವಾಗ ಗೊತ್ತಾಯ್ತು ನಿಮಗೆ?"

"ಅದಾಗಿ ಹದಿನೈದು ದಿನಕ್ಕೆ."

"ಹದಿನೈದು ದಿನಕ್ಕೆ," ಎಂದಳು ಹಂಸ. ಕುಕ್ಕರು ಮತ್ತೆ ಕೂಗಿತು. "ಮರ ತೋಡಿದ್ದು ಬಿಡಿ. ಅದು ಪ್ರೀತಿಗೆ ಮಾಡಿದ್ರಿ. ನಾನು ಹಾಡೋದೇ ಬಿಟ್ಟೆ, ಗೊತ್ತಾ ನಿಮಗೆ? ಏಳು ವರ್ಷ ಅಡಿಗೆ ಮಾಡ್ತಾ ಕೂಡ ಗುನುಗಿಲ್ಲ. ಕಿವಿ ಇಲ್ಲದೋಳು ಹಾಡಿದ್ರೆ ನಗ್ತಾರೆ ಅಂತ. ಜೊತೆಲಿ ಕೆಲಸ ಮಾಡೋರು ಹಾಡು ಅಂದ್ರೆ ಗಂಟಲು ನೋವು ಅಂತಿದ್ದೆ. 'ಹಂಸ, ನಿನ್ನ ಕಿವಿ ಸರಿ ಇದೆ', ಅಷ್ಟೇ ಸಾಕಿತ್ತು. ಒಂದು ಮಾತು."

"ಬೈಯಮ್ಮ. ಬೈದ್ಬಿಡು."

"ಬೈದ್ರೆ ನಿಮಗೆ ಹಗುರ ಆಗುತ್ತೆ. ನಾನ್ಯಾಕೆ ಬೈಲಿ?"

ಎದ್ದು ಹೋಗಿ ಒಲೆ ಆರಿಸಿ ಬಂದಳು. ತೋಡಿದ ಹಲಗೆಯ ಮೇಲೆ ಬೆರಳಾಡಿಸಿ ಕೇಳಿದಳು: "ಇದನ್ನ ಮೊದಲಿನಂಗೆ ಮಾಡಕ್ಕಾಗುತ್ತಾ?"

"ತೋಡಿದ್ದನ್ನ ತುಂಬಕ್ಕಾಗಲ್ಲ. ಹಲಗೆ ಪೂರಾ ಕಿತ್ತು ಹೊಸದು ಕೂರಿಸ್ಬೇಕು."

"ಕೂರಿಸಿ. ಕೇಳ್ದೆ ಮಾತ್ರ ಏನೂ ಮಾಡ್ಬೇಡಿ."

ಶಿವಾಜಿನಗರದಲ್ಲಿ ಹಳೆಯ ಬಂಗಲೆಗಳ ಮರ ಮಾರುವ ಸನಾವುಲ್ಲಾನ ಗುಜರಿಯಲ್ಲಿ ರಾಮಾಂಜಿನಪ್ಪ ಅರ್ಧ ದಿನ ಹುಡುಕಿ, ಬಿರುಕಿಲ್ಲದ ಒಂದು ಬೀಟೆ ಬಾಗಿಲಪಟ್ಟಿ ತಂದರು. ಹಿಂದಿರುಗುವ ದಾರಿಯಲ್ಲೇ ಇನಾಯತ್ ಉಲ್ಲಾ ಅವರ ಮನೆ. ಕರೆದು ಕೂರಿಸಿದ ಅವರಿಗೂ ನಡೆದದ್ದನ್ನು ಹೇಳಿ, "ಹುಡುಗಿ ಕಿವಿ ಕಚ್ಚಾ ಅಲ್ಲ ಸಾಹೇಬ್ರೇ, ಕಚ್ಚಾ ಕೆಲಸ ನಂದು," ಎಂದರು. ಇನಾಯತ್ ಉಲ್ಲಾ ಗಡ್ಡ ನೀವಿಕೊಂಡರು. ಮೂಲೆಯಲ್ಲಿ ಕೀಬೋರ್ಡಿನ ಮೇಲೆ ಬಟ್ಟೆ ಹೊದಿಸಿತ್ತು.

"ಅಲ್ಲಾ, ಆ ಬಚ್ಚಿ ಮೈಕು ನಾನೇ ಬಂದ್ ಮಾಡಿಸ್ದೆ. ನನ್ನ ಕೈಯಿಂದಾನೂ ಗುನಾಹ್ ಆಯ್ತಲ್ಲ ಭಾಯಿ. ಈಗ ಕರೀತೀನಿ ಅಂದ್ರೂ ಎಲ್ಲಿಗೆ ಕರೀಲಿ? ಆರ್ಕೆಸ್ಟ್ರಾ ಮುಗೀತು. ಎಲ್ಲಾ ಸೀಡಿ ಹಾಕಿ ಕುಣೀತಾರೆ."

ಇಸ್ತ್ರಿಪೆಟ್ಟಿಗೆಯ ಶಾಖದಿಂದ ಅಂಟು ಸಡಿಲಿಸಿ, ತೆಳು ಅಲಗು ತೂರಿಸಿ, ರಾಮಾಂಜಿನಪ್ಪ ತಾವೇ ತೋಡಿದ ಹಲಗೆಯನ್ನು ಕಿತ್ತರು. ಅದರ ಮೇಲಿನ ಅಲೆಗಳು ಈಗಲೂ ಅವರ ಕೈಯ ಅತ್ಯಂತ ಚೆಂದದ ಕೆಲಸವಾಗಿಯೇ ಕಂಡವು. ಅದನ್ನು ನೋಡಿ ಅವರಿಗೆ ಇನ್ನಷ್ಟು ನಾಚಿಕೆಯಾಯಿತು. ಹೊಸ ಹಲಗೆಯ ಕೆಲಸದಲ್ಲಿ ಹೆಜ್ಜೆಹೆಜ್ಜೆಗೂ ಹಂಸನಿಗೆ ಫೋನು ಹೋಯಿತು. ಮೆಟ್ಟಿಲು ದಪ್ಪದ್ದೇ, ಸಣ್ಣದೇ? ತಂತಿ ಎಷ್ಟು ಎತ್ತರ? ಅಂಚು ದುಂಡಗೇ, ಚೌಕವೇ?

"ಅಯ್ಯೋ, ಅಂಟು ಯಾವ ಬಣ್ಣದ್ದು ಅಂತಾನೂ ಕೇಳ್ತೀರಾ?" ಎಂದು ಕೊನೆಗೆ ರೇಗಿದಳು.

ಮುಂದಿನ ತಿಂಗಳ ಒಂದು ಭಾನುವಾರ ಅವಳು ಅಂಗಡಿಗೆ ಬಂದಳು. ರಾಮಾಂಜಿನಪ್ಪ ಶ್ರುತಿಪೆಟ್ಟಿಗೆಯನ್ನು ಹಚ್ಚಲಿಲ್ಲ, ತಾವಾಗಿ ಒಂದು ತಂತಿಯನ್ನೂ ಮೀಟಲಿಲ್ಲ. ಸ್ಟೂಲು ಸರಿಸಿ ಗಿಟಾರನ್ನು ಅವಳ ಕೈಗೆ ಕೊಟ್ಟು, "ನಿನ್ನ ಕೈಲಿ ಎಷ್ಟು ಬಲ ಇದೆಯೋ ಅಷ್ಟೂ ಹಾಕಿ ಒತ್ತು," ಎಂದರು. ಅವಳು ಒತ್ತಿದಳು. ಬೆರಳುಗಳ ಕೆಳಗೆ ಮರ ಗಟ್ಟಿಯಾಗಿ ನಿಂತಿತು. ಆರು ತಂತಿಗಳ ದನಿ ಒಂದೇ ಆಗಿ ಅಂಗಡಿಯ ತುಂಬ ಹರಡಿತು. ಅವಳು ಮತ್ತೊಮ್ಮೆ, ಇನ್ನೂ ಬಲವಾಗಿ, ಕೆಡಲಿ ಎಂಬಂತೆ ಒತ್ತಿ ಹೊಡೆದಳು. ಕೆಡಲಿಲ್ಲ.

"ಸರಿ ಇದೆ," ಎಂದಳು. ಅವರ ಮುಖ ನೋಡದೆ, ತನಗೇ ಹೇಳಿಕೊಂಡಂತೆ.

ಬಾಗಿಲಲ್ಲಿ ಮ್ಯಾಂಡೊಲಿನ್ನಿನ ಪಕ್ಕದಲ್ಲಿ ಆ ಹಳೆಯ ತೋಡಿದ ಹಲಗೆ ನೇತಾಡುತ್ತಿತ್ತು. ಮುಂದೆ ಅಂಗಡಿಗೆ ಬಂದವರೆಲ್ಲರಿಗೂ, ಯಾವ ಕೆಲಸಕ್ಕೇ ಬರಲಿ, ರಾಮಾಂಜಿನಪ್ಪ ಮೊದಲು ಹೇಳಲಿದ್ದ ಮಾತು "ಕೂತ್ಕೊಂಡು ನುಡಿಸಿ ತೋರಿಸಿ" ಎಂಬುದು. ಹಂಸ ಆ ಹಲಗೆಯನ್ನು ಒಂದು ಗಳಿಗೆ ನೋಡಿ, ಗಿಟಾರನ್ನು ಹೆಗಲಿಗೆ ಹಾಕಿಕೊಂಡಳು.

"ಬರ್ತೀನಿ," ಎಂದಳು.

ಬರ್ತೀನಿ ಮಾಮ ಎನ್ನಲಿಲ್ಲ. ನಿಜ ಹೇಳಿದ ಮೇಲಿನ ಆ ಒಂದು ತಿಂಗಳಲ್ಲಿ ಫೋನಿನಲ್ಲಾಗಲಿ ಎದುರಿಗಾಗಲಿ ಅವಳು ಒಮ್ಮೆಯೂ ಹಾಗೆ ಕರೆದಿರಲಿಲ್ಲ ಎಂಬುದು ರಾಮಾಂಜಿನಪ್ಪನವರಿಗೆ ಆಗ ಹೊಳೆಯಿತು. ಅವರು ಹೊಸಿಲಲ್ಲೇ ನಿಂತರು. ದೇವಸ್ಥಾನದ ಕಡೆಗೆ ತಿರುಗುವ ಮೂಲೆಯಲ್ಲಿ ಒಂದು ಆಟೋ ನಿಂತು ದಾರಿ ಕಟ್ಟಿತ್ತು. ಅದು ಸರಿಯುವವರೆಗೆ ಕಾಯುತ್ತ ನಿಂತ ಹಂಸ ಏನನ್ನೋ ಗುನುಗುತ್ತಿದ್ದಳು. ಬೀದಿಯ ಗದ್ದಲದಲ್ಲಿ ಯಾವ ಹಾಡೆಂದು ತಿಳಿಯಲಿಲ್ಲ. ಸ್ವರ ಮಾತ್ರ ಒಂದು ಎಳೆಯಷ್ಟೂ ತಪ್ಪಿರಲಿಲ್ಲ.